ತನ್ನ ಭಾರವನ್ನು ತಾನೇ ಹೊತ್ತ ಕಾಯಗಳು: ಗುರುತ್ವದ ನಿಯಮಕ್ಕೆ ನಕ್ಷತ್ರಗಳ ಒರೆಗಲ್ಲು

ಮೇಲಕ್ಕೆ ಎಸೆದ ಕಲ್ಲು ಕೆಳಕ್ಕೆ ಬೀಳುವುದೆಂಬುದನ್ನು ಅರಿಯದವರಿಲ್ಲ. ಹಣ್ಣಾದ ಅಡಿಕೆ ನೆಲಕ್ಕೆ ಉದುರುವುದೂ, ಘಟ್ಟದ ಮೇಲೆ ಸುರಿದ ಮಳೆ ನೇತ್ರಾವತಿಯಾಗಿ, ಫಲ್ಗುಣಿಯಾಗಿ ಕಡಲಿನತ್ತ ಹರಿಯುವುದೂ ಅದೇ ಬಲದ ಕಾರ್ಯ. ಈ ಬಲಕ್ಕೆ ಗುರುತ್ವವೆಂದು ಹೆಸರು. ಆದರೆ ಗುರುತ್ವವನ್ನು ಕೇವಲ ಬೀಳಿಸುವ ಬಲವೆಂದು ತಿಳಿದರೆ ಅದರ ಅರ್ಧವನ್ನು ಮಾತ್ರ ತಿಳಿದಂತಾಯಿತು. ಅದು ಕಟ್ಟುವ ಬಲವೂ ಹೌದು. ಸೂರ್ಯನೆಂಬ ಅಗಾಧವಾದ ಅನಿಲರಾಶಿಯನ್ನು ಹಿಡಿದಿಟ್ಟುಕೊಳ್ಳಲು ಯಾವ ಪಾತ್ರೆಯೂ ಇಲ್ಲ, ಯಾವ ಗೋಡೆಯೂ ಇಲ್ಲ. ಅದರ ಒಂದೊಂದು ಕಣವೂ ಉಳಿದ ಎಲ್ಲ ಕಣಗಳನ್ನು ಸೆಳೆಯುತ್ತಿರುವುದರಿಂದಲೇ ಅದು ಚೆದುರಿಹೋಗದೆ ಒಂದು ಗೋಳವಾಗಿ ನಿಂತಿದೆ. ಹೀಗೆ ತನ್ನ ಸೆಳೆತದಿಂದಲೇ ತನ್ನನ್ನು ಕಟ್ಟಿಕೊಂಡ ಕಾಯಗಳನ್ನು ಸ್ವಗುರುತ್ವಬದ್ಧ ಕಾಯಗಳೆಂದು ಕರೆಯಬಹುದು. ನಕ್ಷತ್ರಗಳು, ಶ್ವೇತಕುಬ್ಜಗಳು, ನ್ಯೂಟ್ರಾನ್ ನಕ್ಷತ್ರಗಳು, ಕೊನೆಗೆ ಕೃಷ್ಣವಿವರಗಳು, ಇವೆಲ್ಲವೂ ಈ ವರ್ಗಕ್ಕೆ ಸೇರಿದವು.

ಇವುಗಳನ್ನು ಕಟ್ಟಿದ ನಿಯಮವು ನಮಗೆ ನಿಷ್ಕೃಷ್ಟವಾಗಿ ತಿಳಿದಿದೆಯೆ? 1687ರಲ್ಲಿ ನ್ಯೂಟನ್ ಒಂದು ನಿಯಮವನ್ನು ಕೊಟ್ಟನು. 1915ರಲ್ಲಿ ಐನ್‌ಸ್ಟೈನ್ ಅದನ್ನು ಮೀರಿದ ಮತ್ತೊಂದು ನಿಯಮವನ್ನು ಕೊಟ್ಟನು. ಇತ್ತೀಚಿನ ಕೆಲವು ದಶಕಗಳಲ್ಲಿ ಐನ್‌ಸ್ಟೈನನ ನಿಯಮವನ್ನೂ ತಿದ್ದಬೇಕೆ ಎಂಬ ಪ್ರಶ್ನೆ ಎದ್ದಿದೆ. ಈ ಪ್ರಶ್ನೆಯನ್ನು ನಕ್ಷತ್ರಗಳ ಮುಂದಿಟ್ಟು ಉತ್ತರ ಪಡೆಯುವ ಯತ್ನದಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾಲು ಸಣ್ಣದಲ್ಲ. ಆ ಯತ್ನದ ಸ್ವರೂಪವೇನು, ಅದರಿಂದ ನಿರ್ಧಾರವಾಗಬೇಕಾದ ವಿಷಯವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸೂರ್ಯನ ಒಳಗಿನ ಸಮತೋಲ

ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿಲೋಮೀಟರು. ದ್ರವ್ಯರಾಶಿ ಭೂಮಿಯ ಸುಮಾರು 3 ಲಕ್ಷ 33 ಸಾವಿರ ಪಟ್ಟು. ಇಷ್ಟು ದ್ರವ್ಯವು ತನ್ನ ಕೇಂದ್ರದ ಕಡೆಗೆ ಸದಾ ಕುಸಿಯಲು ಹವಣಿಸುತ್ತಿರುತ್ತದೆ. ಒಳಗಿನ ಒತ್ತಡವು ಒಂದು ಗಳಿಗೆಯಲ್ಲಿ ಮಾಯವಾಯಿತೆಂದು ಭಾವಿಸಿದರೆ ಸೂರ್ಯನು ಸುಮಾರು ಅರ್ಧ ಗಂಟೆಯೊಳಗೆ ಪೂರ್ತಿಯಾಗಿ ಕುಸಿದುಬಿಡುವನು. ಹಾಗಾಗದೆ 450 ಕೋಟಿ ವರ್ಷಗಳಿಂದ ಅವನು ನಿಂತಿರುವುದಕ್ಕೆ ಕಾರಣ ಒಳಗಿನ ಕಾವು. ಕೇಂದ್ರದಲ್ಲಿ ಸುಮಾರು 1.5 ಕೋಟಿ ಡಿಗ್ರಿ ಉಷ್ಣತೆಯಿದೆ. ಅಲ್ಲಿ ಹೈಡ್ರೊಜನ್ ಬೆಸೆದು ಹೀಲಿಯಂ ಆಗುವಾಗ ಹೊಮ್ಮುವ ಶಕ್ತಿಯು ಆ ಕಾವನ್ನು ಉಳಿಸಿಕೊಂಡು ಬರುತ್ತದೆ. ಕಾದ ಅನಿಲವು ಹೊರಕ್ಕೆ ಒತ್ತುತ್ತದೆ, ಗುರುತ್ವವು ಒಳಕ್ಕೆ ಎಳೆಯುತ್ತದೆ. ಒಂದೊಂದು ಪದರದಲ್ಲಿಯೂ ಈ ಎರಡು ಬಲಗಳು ಸರಿಸಮವಾಗಿರುವುದೇ ನಕ್ಷತ್ರದ ಬಾಳು.

ಇಂಥ ಕಾಯಗಳಿಗೆ ಒಂದು ವಿಚಿತ್ರ ಗುಣವಿದೆ. ನಮ್ಮ ಮನೆಯ ಒಲೆಯ ಮೇಲಿನ ಪಾತ್ರೆ ಶಾಖವನ್ನು ಕಳೆದುಕೊಂಡರೆ ತಣ್ಣಗಾಗುತ್ತದೆ. ಅನಿಲದ ಒತ್ತಡದಿಂದ ನಿಂತ ನಕ್ಷತ್ರವು ಶಕ್ತಿಯನ್ನು ಕಳೆದುಕೊಂಡರೆ ಇನ್ನಷ್ಟು ಬಿಸಿಯಾಗುತ್ತದೆ. ಶಕ್ತಿ ಹೊರಹೋದಾಗ ಅದು ತುಸು ಕುಗ್ಗುತ್ತದೆ. ಕುಗ್ಗಿದಾಗ ಗುರುತ್ವದಿಂದ ಬಿಡುಗಡೆಯಾಗುವ ಶಕ್ತಿಯಲ್ಲಿ ಅರ್ಧ ಭಾಗ ಬೆಳಕಾಗಿ ಹೊರಟುಹೋಗಿ ಉಳಿದರ್ಧ ಒಳಗಿನ ಕಾವನ್ನು ಹೆಚ್ಚಿಸುತ್ತದೆ. ಕೊಟ್ಟಷ್ಟೂ ಕಾಯುವ ಈ ಕಾಯಕ್ಕೆ ಇಂಧನ ತೀರಿದ ಮೇಲೆ ನೆಮ್ಮದಿಯ ಕೊನೆಯೆಂಬುದು ಇರಲಾರದೆಂದು ತೋರುತ್ತದೆ. ಕುಗ್ಗುತ್ತ, ಕಾಯುತ್ತ, ಮತ್ತೆ ಕುಗ್ಗುತ್ತ ಹೋಗುವುದೇ ಅದರ ಗತಿಯೆ? ಎಲ್ಲಿಯಾದರೂ ಅದಕ್ಕೆ ನಿಲುಗಡೆಯುಂಟೆ? ಈ ಪ್ರಶ್ನೆಗೆ ಉತ್ತರವು ಆಕಾಶದ ಅತ್ಯಂತ ಉಜ್ಜ್ವಲ ನಕ್ಷತ್ರದ ಮಗ್ಗುಲಲ್ಲಿ ದೊರೆಯಿತು.

ಲುಬ್ಧಕನ ಸಂಗಾತಿ

ಫೆಬ್ರವರಿ ತಿಂಗಳ ರಾತ್ರಿ ಒಂಬತ್ತು ಗಂಟೆಯ ವೇಳೆಗೆ ಮಂಗಳೂರಿನ ಶಕ್ತಿನಗರದ ಗುಡ್ಡಗಳ ಮೇಲೆ ನಿಂತು ದಕ್ಷಿಣಕ್ಕೆ ಮುಖಮಾಡಿದರೆ, ದಿಗಂತದಿಂದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ಬಿಳಿನೀಲಿಯಾಗಿ ಹೊಳೆಯುವ ನಕ್ಷತ್ರವೊಂದು ಕಾಣುತ್ತದೆ. ಅದೇ ಲುಬ್ಧಕ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಸಾಲನ್ನು ಹಿಡಿದು ಆಗ್ನೇಯಕ್ಕೆ ಬಂದರೆ ಯಾವ ವಿದ್ಯಾರ್ಥಿಯೂ ಅದನ್ನು ಗುರುತಿಸಬಲ್ಲನು. ಅದರ ದೂರ 8.6 ಜ್ಯೋತಿರ್ವರ್ಷ. ಅದು ನೇರವಾಗಿ ಚಲಿಸದೆ ಸ್ವಲ್ಪ ಸ್ವಲ್ಪವೇ ಓಲಾಡುತ್ತಿರುವುದನ್ನು ಕಂಡು, ಕಾಣದ ಸಂಗಾತಿಯೊಂದು ಅದನ್ನು ಸೆಳೆಯುತ್ತಿರಬೇಕೆಂದು ಜರ್ಮನಿಯ ಬೆಸೆಲ್ 1844ರಲ್ಲಿ ಊಹಿಸಿದನು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕವನ್ನು ಪರೀಕ್ಷಿಸುತ್ತಿದ್ದಾಗ ಆ ಮಂಕು ಸಂಗಾತಿ ಕಣ್ಣಿಗೆ ಬಿತ್ತು.

ಆ ಸಂಗಾತಿಯ ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟು, ಗಾತ್ರವಾದರೋ ಭೂಮಿಯಷ್ಟು. ಹಾಗಾಗಿ ಅದರ ದ್ರವ್ಯದ ಒಂದು ಘನ ಸೆಂಟಿಮೀಟರು, ಎಂದರೆ ಒಂದು ಕಡಲೆಕಾಯಿ ಬೀಜದಷ್ಟು, ಸರಾಸರಿ ಎರಡು ಟನ್ನುಗಳಿಗೂ ಹೆಚ್ಚು ತೂಗುತ್ತದೆ. ಇಂಥ ಕಾಯಗಳಿಗೆ ಶ್ವೇತಕುಬ್ಜಗಳೆಂದು ಹೆಸರಾಯಿತು. ಇವುಗಳಲ್ಲಿ ಉರಿಯಲು ಇಂಧನ ಉಳಿದಿಲ್ಲ. ಆದರೂ ಇವು ಕುಸಿಯದೆ ನಿಂತಿರುವುದು ಹೇಗೆಂಬುದನ್ನು ಇಂಗ್ಲೆಂಡಿನ ಫೌಲರ್ 1926ರಲ್ಲಿ ವಿವರಿಸಿದನು. ಎಲೆಕ್ಟ್ರಾನುಗಳಿಗೆ ಒಂದು ಕಟ್ಟುಪಾಡಿದೆ: ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಕೂಡದು. ಅವನ್ನು ಇಕ್ಕಟ್ಟಾಗಿ ತುಂಬಿದಾಗ ಕೆಳಗಿನ ಸ್ಥಾನಗಳೆಲ್ಲ ಭರ್ತಿಯಾಗಿ, ಉಳಿದವು ಹೆಚ್ಚು ಹೆಚ್ಚು ವೇಗದ ಸ್ಥಿತಿಗಳಿಗೆ ಏರಲೇಬೇಕಾಗುತ್ತದೆ. ಈ ವೇಗದಿಂದ ಹುಟ್ಟುವ ಒತ್ತಡಕ್ಕೆ ಕಾವಿನ ಹಂಗಿಲ್ಲ. ನಕ್ಷತ್ರವು ಪೂರ್ತಿ ತಣ್ಣಗಾದರೂ ಅದು ಉಳಿಯುತ್ತದೆ. ನಿಲುಗಡೆ ದೊರೆಯಿತೆಂದು ಖಗೋಳಜ್ಞರು ಸಮಾಧಾನಪಟ್ಟರು.

ಹಡಗಿನಲ್ಲಿ ಹುಟ್ಟಿದ ಗಣಿತ

ಆ ಸಮಾಧಾನವನ್ನು ಕದಡಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಅವರು ಫೌಲರನ ವಿವರಣೆಯನ್ನು ಪರಿಶೀಲಿಸಿದರು. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸಿದರೆ ಏನಾದೀತು ಎಂಬುದು ಅವರ ಪ್ರಶ್ನೆ. ಪ್ರೌಢಶಾಲೆಯ ಗಣಿತದಿಂದಲೇ ಅದರ ತಿರುಳನ್ನು ಗ್ರಹಿಸಬಹುದು.

ಒಂದು ನಕ್ಷತ್ರವು ಕುಗ್ಗಿ ಅದರ ತ್ರಿಜ್ಯ ಅರ್ಧವಾಯಿತೆಂದು ಭಾವಿಸೋಣ. ಕಣಕಣಗಳ ನಡುವಣ ದೂರ ಅರ್ಧವಾದುದರಿಂದ ಸೆಳೆತ 4 ಪಟ್ಟಾಗುತ್ತದೆ. ಆ ಸೆಳೆತವನ್ನು ಹೊರಬೇಕಾದ ಮೇಲ್ಮೈ 4ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ನಕ್ಷತ್ರವು ನಿಲ್ಲಬೇಕಾದರೆ ಒಳಗಿನ ಒತ್ತಡ 16 ಪಟ್ಟಾಗಬೇಕು. ಇದು ಗುರುತ್ವವು ಕೇಳುವ ಬೆಲೆ. ಇನ್ನು ಎಲೆಕ್ಟ್ರಾನುಗಳು ಕೊಡುವುದೆಷ್ಟು? ತ್ರಿಜ್ಯ ಅರ್ಧವಾದಾಗ ಸಾಂದ್ರತೆ 8 ಪಟ್ಟಾಗುತ್ತದೆ. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗಕ್ಕಿಂತ ಬಹಳ ಕಡಿಮೆಯಿರುವಾಗ ಒತ್ತಡ 32 ಪಟ್ಟು ಏರುತ್ತದೆ. ಬೇಕಾದುದು 16, ದೊರೆತದ್ದು 32. ಮಿಗತೆಯ ಒತ್ತಡವು ನಕ್ಷತ್ರವನ್ನು ಹಿಂದಕ್ಕೆ ನೂಕಿ ಸಮತೋಲಕ್ಕೆ ತರುತ್ತದೆ. ಆದರೆ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಬಂದ ಮೇಲೆ ಇನ್ನಷ್ಟು ವೇಗ ಹೆಚ್ಚಿಸಿಕೊಳ್ಳಲಾರವು. ಆಗ ಒತ್ತಡ ಏರುವುದು 16 ಪಟ್ಟು ಮಾತ್ರ. ಬೇಕಾದುದೂ 16, ದೊರೆತದ್ದೂ 16. ಎಷ್ಟು ಕುಗ್ಗಿದರೂ ನಕ್ಷತ್ರಕ್ಕೆ ಲಾಭವಿಲ್ಲ. ಆ ಹಂತದಲ್ಲಿ ಅದರ ಹಣೆಬರಹವನ್ನು ನಿರ್ಧರಿಸುವುದು ದ್ರವ್ಯರಾಶಿಯೊಂದೇ. ಅದು ಒಂದು ಮಿತಿಗಿಂತ ಕಡಿಮೆಯಿದ್ದರೆ ನಕ್ಷತ್ರ ಉಳಿಯುತ್ತದೆ. ಮೀರಿದರೆ ಎಲೆಕ್ಟ್ರಾನುಗಳ ಒತ್ತಡ ಅದನ್ನು ಕಾಪಾಡಲಾರದು. ಸೂರ್ಯನ ಸುಮಾರು 1.4 ಪಟ್ಟಿನ ಈ ದ್ರವ್ಯರಾಶಿಯೇ ಚಂದ್ರಶೇಖರ್ ಮಿತಿ.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರ್ ಇದನ್ನು ಮಂಡಿಸಿದಾಗ, ಅಂದಿನ ಮಹಾವಿಜ್ಞಾನಿ ಎಡಿಂಗ್‌ಟನ್ ಅದನ್ನು ಅಪಹಾಸ್ಯ ಮಾಡಿದನು. ನಕ್ಷತ್ರವೊಂದು ಹೀಗೆ ಅಸಂಬದ್ಧವಾಗಿ ವರ್ತಿಸದಂತೆ ತಡೆಯುವ ನಿಸರ್ಗನಿಯಮವೊಂದು ಇರಲೇಬೇಕೆಂಬುದು ಅವನ ನಿಲುವು. ತರುಣ ವಿಜ್ಞಾನಿ ವಾದಕ್ಕೆ ನಿಂತು ಕಹಿಯನ್ನು ಬೆಳೆಸಲಿಲ್ಲ. ತನ್ನ ಗಣಿತವನ್ನು ಗ್ರಂಥರೂಪದಲ್ಲಿ ಇಳಿಸಿಟ್ಟು ಬೇರೆ ಸಂಶೋಧನೆಯತ್ತ ಹೊರಳಿದರು. ಕಾಲಕ್ರಮದಲ್ಲಿ ನಿಸರ್ಗವು ಅವರ ಪಕ್ಷವನ್ನೇ ಹಿಡಿಯಿತು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ತಕ್ಕಡಿಯ ಮುಳ್ಳು

ಈಗ ಮುಖ್ಯ ವಿಷಯಕ್ಕೆ ಬರಬಹುದು. ಅಂಗಡಿಯ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಸಮನಾದ ತೂಕವಿರುವಾಗ ಒಂದು ಸಾಸಿವೆ ಕಾಳನ್ನು ಇಟ್ಟರೂ ಮುಳ್ಳು ವಾಲುತ್ತದೆ. ಮಿತಿಯ ಅಂಚಿನಲ್ಲಿರುವ ಶ್ವೇತಕುಬ್ಜವು ಅಂಥ ತಕ್ಕಡಿ. ಅದರ ಒಂದು ತಟ್ಟೆಯಲ್ಲಿ ಗುರುತ್ವದ 16, ಇನ್ನೊಂದರಲ್ಲಿ ಎಲೆಕ್ಟ್ರಾನುಗಳ 16. ಗುರುತ್ವದ ನಿಯಮದಲ್ಲಿ ಲೇಶಮಾತ್ರ ವ್ಯತ್ಯಾಸವಾದರೂ ಅದರ ಪರಿಣಾಮ ಅಲ್ಲಿ ಎದ್ದು ಕಾಣಬೇಕು.

ಇದು ಕೇವಲ ಊಹೆಯಲ್ಲ. ನ್ಯೂಟನ್ನನ ನಿಯಮಕ್ಕೂ ಐನ್‌ಸ್ಟೈನನ ನಿಯಮಕ್ಕೂ ಇರುವ ಅಂತರ ಸೂರ್ಯನಲ್ಲಿ ಹತ್ತು ಲಕ್ಷಕ್ಕೆ ಎರಡು ಪಾಲಿನಷ್ಟು ಮಾತ್ರ. ಭಾರಿ ಶ್ವೇತಕುಬ್ಜದಲ್ಲಿ ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟು ಅಲ್ಪವಾದ ಅಂತರವೂ ಮಿತಿಯ ಅಂಚಿನಲ್ಲಿ ಸಮತೋಲವನ್ನು ಕೆಡಿಸಬಲ್ಲುದು. ಐನ್‌ಸ್ಟೈನನ ನಿಯಮದಿಂದಾಗಿ ಇಂಥ ಕಾಯಗಳು ನ್ಯೂಟನ್ನನ ಲೆಕ್ಕಕ್ಕಿಂತ ಮೊದಲೇ ಅಸ್ಥಿರವಾಗುತ್ತವೆಂದು 1964ರಲ್ಲಿ ಚಂದ್ರಶೇಖರರೇ ತೋರಿಸಿಕೊಟ್ಟರು. ಹಾಗಾದರೆ ಐನ್‌ಸ್ಟೈನನ ನಿಯಮಕ್ಕೆ ಇನ್ನೊಂದು ಸಣ್ಣ ತಿದ್ದುಪಡಿ ಬಂದರೆ ಅದನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದಲ್ಲವೆ?

ನಿಯಮವನ್ನು ತಿದ್ದುವ ಯತ್ನ

ಗೆದ್ದ ನಿಯಮವನ್ನು ತಿದ್ದುವ ಪ್ರಮೇಯವೇಕೆ ಬಂದಿತು? ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಗುರುತ್ವವೆಂದರೆ ದೇಶಕಾಲಗಳ ವಕ್ರತೆ. ದ್ರವ್ಯವು ತನ್ನ ಸುತ್ತಣ ದೇಶಕಾಲವನ್ನು ಬಾಗಿಸುತ್ತದೆ. ಆ ಬಾಗನ್ನು ಅನುಸರಿಸಿ ಉಳಿದ ವಸ್ತುಗಳು ಚಲಿಸುತ್ತವೆ. ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ವಿಕಲೆಗಳಷ್ಟು ಹೆಚ್ಚಾಗಿ ತಿರುಗುವುದನ್ನು ಈ ಸಿದ್ಧಾಂತ ವಿವರಿಸಿತು. ಸೂರ್ಯನ ಬಳಿ ಹಾದುಬರುವ ನಕ್ಷತ್ರದ ಬೆಳಕು ಬಾಗುವುದೆಂಬ ಅದರ ಭವಿಷ್ಯ 1919ರ ಗ್ರಹಣದಲ್ಲಿ ನಿಜವಾಯಿತು. ಆದರೆ ಗೆಲಾಕ್ಸಿಗಳ ಹೊರ ಅಂಚಿನ ನಕ್ಷತ್ರಗಳು ಲೆಕ್ಕಕ್ಕೆ ಮೀರಿದ ವೇಗದಲ್ಲಿ ಸುತ್ತುತ್ತಿರುವುದು ಕಂಡುಬಂದಿತು. ವಿಶ್ವದ ವಿಸ್ತರಣೆಯ ವೇಗ ಕುಂದುವ ಬದಲು ಹೆಚ್ಚುತ್ತಿರುವುದು 1998ರಲ್ಲಿ ಗೊತ್ತಾಯಿತು. ಇವನ್ನು ವಿವರಿಸಲು ಎರಡು ದಾರಿಗಳಿವೆ. ಕಾಣದ ದ್ರವ್ಯವನ್ನೂ ಕಾಣದ ಶಕ್ತಿಯನ್ನೂ ಒಪ್ಪುವುದು ಒಂದು. ಗುರುತ್ವದ ನಿಯಮವನ್ನೇ ತಿದ್ದುವುದು ಇನ್ನೊಂದು. ಬಹುಮಂದಿ ಮೊದಲನೆಯದನ್ನು ಹಿಡಿದಿದ್ದಾರೆ. ಎರಡನೆಯದನ್ನು ಹಿಡಿದವರ ಸಿದ್ಧಾಂತಗಳಿಗೆ ಪರಿಷ್ಕೃತ ಗುರುತ್ವ ಸಿದ್ಧಾಂತಗಳೆಂದು ಹೆಸರು.

ಅವುಗಳಲ್ಲಿ ಸರಳವಾದುದೊಂದನ್ನು ರಷ್ಯದ ಸ್ಟಾರೊಬಿನ್‌ಸ್ಕಿ 1980ರಲ್ಲಿ, ವಿಶ್ವದ ಆದಿಕಾಲದ ವಿವರಣೆಗಾಗಿ ಮಂಡಿಸಿದನು. ಐನ್‌ಸ್ಟೈನನ ಮೂಲ ಸೂತ್ರದಲ್ಲಿ ವಕ್ರತೆಯೊಂದೇ ಬರುತ್ತದೆ. ಸ್ಟಾರೊಬಿನ್‌ಸ್ಕಿ ಅದರ ಜೊತೆಗೆ ವಕ್ರತೆಯ ವರ್ಗವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಸೇರಿಸಿದನು. ಆ ಸ್ಥಿರಾಂಕವನ್ನು ಆಲ್ಫಾ ಎಂದು ಕರೆಯುತ್ತಾರೆ. ಇದರ ಮರ್ಮ ಹೀಗಿದೆ: ವಕ್ರತೆಯು ದ್ರವ್ಯದ ಸಾಂದ್ರತೆಯನ್ನು ಅನುಸರಿಸಿ ಏರುತ್ತದೆ. ಸಾಂದ್ರತೆ ಕಡಿಮೆಯಿರುವೆಡೆ ಸಣ್ಣ ಸಂಖ್ಯೆಯ ವರ್ಗ ಇನ್ನೂ ಸಣ್ಣದಾಗಿ ತಿದ್ದುಪಡಿ ಇಲ್ಲದಂತೆಯೇ ಆಗುತ್ತದೆ. ಸೂರ್ಯನ ಸರಾಸರಿ ಸಾಂದ್ರತೆ ನೀರಿನ 1.4 ಪಟ್ಟು ಮಾತ್ರ. ಮಿತಿಯ ಅಂಚಿನ ಶ್ವೇತಕುಬ್ಜದ ಕೇಂದ್ರದಲ್ಲಿ ಅದು ನೀರಿನ ನೂರಾರು ಕೋಟಿ ಪಟ್ಟು. ಆದಕಾರಣ ಸೌರವ್ಯೂಹದಲ್ಲಿ ಕಾಣದೆ ಮರೆಯಾಗಿರುವ ತಿದ್ದುಪಡಿಯು ಶ್ವೇತಕುಬ್ಜದ ಒಡಲಲ್ಲಿ ತಲೆಯೆತ್ತಬಹುದು.

ಇನ್ನೂ ಒಂದು ಅಂಶ ಗಮನಾರ್ಹ. ಬುಧನ ಕಕ್ಷೆಯಾಗಲಿ ಗ್ರಹಣದ ಬೆಳಕಾಗಲಿ ಗುರುತ್ವವನ್ನು ಪರೀಕ್ಷಿಸುವುದು ಸೂರ್ಯನ ಹೊರಗೆ, ಬರಿಯ ಬಯಲಿನಲ್ಲಿ. ಕೆಲವು ಪರಿಷ್ಕೃತ ಸಿದ್ಧಾಂತಗಳಾದರೋ ಕಾಯದ ಹೊರಗೆ ಐನ್‌ಸ್ಟೈನನನ್ನು ಅನುಸರಿಸಿ ಕಾಯದ ಒಳಗೆ ಮಾತ್ರ ಬೇರೆಯಾಗುತ್ತವೆ. ಅಂಥವನ್ನು ಹಿಡಿಯಬೇಕಾದರೆ ತನ್ನ ಭಾರವನ್ನು ತಾನೇ ಹೊತ್ತು ನಿಂತ ಕಾಯದ ಒಡಲನ್ನೇ ಹೊಕ್ಕು ನೋಡಬೇಕು.

ಬೆಂಗಳೂರಿನಲ್ಲಿ ನಡೆದ ಶೋಧನೆ

ಒಂದು ಶ್ವೇತಕುಬ್ಜವು ನೆರೆಯ ನಕ್ಷತ್ರದಿಂದ ದ್ರವ್ಯವನ್ನು ಎಳೆದುಕೊಳ್ಳುತ್ತ ಚಂದ್ರಶೇಖರ್ ಮಿತಿಯ ಸಮೀಪಕ್ಕೆ ಬಂದರೆ ಅದರ ಒಡಲಿನ ಇಂಗಾಲವೆಲ್ಲ ಒಮ್ಮೆಲೆ ಹೊತ್ತಿಕೊಂಡು ಸಿಡಿಯುತ್ತದೆ. ಇದಕ್ಕೆ ಒಂದನೆಯ ‘ಎ’ ಬಗೆಯ ಸೂಪರ್‌ನೋವಾ ಎಂದು ಹೆಸರು. ಸಿಡಿಯುವ ದ್ರವ್ಯರಾಶಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಬೆಳಕೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಆಗ ಕಾಣುವ ಕಾಂತಿಯಿಂದ ದೂರವನ್ನು ಲೆಕ್ಕಹಾಕಬಹುದು. ವಿಶ್ವದ ವಿಸ್ತರಣೆ ವೇಗಗೊಳ್ಳುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ಹೇಳಿದ್ದು ಈ ಅಳತೆಗೋಲನ್ನು ಹಿಡಿದೇ. ಅದಕ್ಕಾಗಿ 2011ರಲ್ಲಿ ಪರ್ಲ್‌ಮಟರ್, ಸ್ಮಿತ್, ರೀಸ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಅಳತೆಗೋಲಿಗೆ ಹೊಂದದ ಸಿಡಿತಗಳೂ ಕಂಡುಬಂದಿವೆ. 1991ರಲ್ಲಿ ಕಂಡ ಒಂದು ಸೂಪರ್‌ನೋವಾ ನಿರೀಕ್ಷೆಗಿಂತ ಬಹಳ ಮಂಕಾಗಿತ್ತು. 2003ರಲ್ಲಿ ಕಂಡ ಮತ್ತೊಂದು ಅತಿಯಾಗಿ ಬೆಳಗಿತು. ಅಲ್ಲಿ ಸಿಡಿದ ದ್ರವ್ಯ ಸೂರ್ಯನ ಸುಮಾರು ಎರಡು ಪಟ್ಟಾಗಿರಬೇಕೆಂದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರ ತಿಳಿಸಿತು. 1.4ರ ಮಿತಿಯನ್ನು ಮೀರಿದ ಶ್ವೇತಕುಬ್ಜವು ಸಿಡಿಯುವವರೆಗೆ ನಿಂತಿದ್ದಾದರೂ ಹೇಗೆ?

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬನಿಬ್ರತ ಮುಖೋಪಾಧ್ಯಾಯ ಹಾಗೂ ಅವರ ವಿದ್ಯಾರ್ಥಿನಿ ಉಪಾಸನಾ ದಾಸ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 2013ರಲ್ಲಿ ಅವರು ಮೊದಲನೆಯ ಉತ್ತರವನ್ನು ಮುಂದಿಟ್ಟರು. ಶ್ವೇತಕುಬ್ಜದಲ್ಲಿ ಅತ್ಯಂತ ಪ್ರಬಲವಾದ ಕಾಂತಕ್ಷೇತ್ರವಿದ್ದರೆ ಮಿತಿಯು ಸೂರ್ಯನ 2.58 ಪಟ್ಟಿಗೆ ಏರಬಹುದೆಂಬುದು ಆ ಉತ್ತರ. ಅಷ್ಟು ಪ್ರಬಲವಾದ ಕ್ಷೇತ್ರವಿರುವ ಕಾಯವು ಸ್ಥಿರವಾಗಿ ನಿಲ್ಲಲಾರದೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು, ವಾದಪ್ರತಿವಾದಗಳು ನಡೆದುವು. ಅಲ್ಲದೆ, ಅತಿ ಪ್ರಕಾಶದ ಸಿಡಿತವನ್ನು ವಿವರಿಸಿದ ಈ ಕಾರಣ ಮಂಕು ಸಿಡಿತವನ್ನು ವಿವರಿಸಲಿಲ್ಲ.

2015ರಲ್ಲಿ ಅದೇ ಇಬ್ಬರು ಬೇರೊಂದು ದಾರಿಯನ್ನು ಹಿಡಿದರು. ಸ್ಟಾರೊಬಿನ್‌ಸ್ಕಿಯ ಪರಿಷ್ಕೃತ ನಿಯಮವನ್ನು ಶ್ವೇತಕುಬ್ಜಗಳಿಗೆ ಅನ್ವಯಿಸಿದಾಗ, ಆಲ್ಫಾದ ಬೆಲೆಯನ್ನು ಅನುಸರಿಸಿ ಮಿತಿಯು 1.4ಕ್ಕಿಂತ ಬಹಳ ಕೆಳಗೂ ಇಳಿಯಬಹುದು, ಬಹಳ ಮೇಲಕ್ಕೂ ಏರಬಹುದು ಎಂದು ಅವರ ಲೆಕ್ಕ ತೋರಿಸಿತು. ಮಂಕು ಸಿಡಿತಗಳು ಒಂದು ಕೊನೆ, ಉಜ್ಜ್ವಲ ಸಿಡಿತಗಳು ಇನ್ನೊಂದು ಕೊನೆ. ಎರಡನ್ನೂ ಒಂದೇ ನಿಯಮದ ಎಳೆಯಲ್ಲಿ ಪೋಣಿಸಬಹುದೆಂಬುದು ಅವರ ವಾದ. ಚಂದ್ರಶೇಖರ್ ಮಿತಿ ಏಕೈಕವೆ? ಐನ್‌ಸ್ಟೈನನ ಗುರುತ್ವ ನಿಯಮವೇ ಅಂತಿಮವೆ? ಎರಡಕ್ಕೂ ಅಲ್ಲವೆಂದೇ ಉತ್ತರ ಬರುವಂತೆ ತೋರುತ್ತದೆಂದು ಅವರು ಬರೆದರು. 2018ರಲ್ಲಿ ಮುಖೋಪಾಧ್ಯಾಯರು ಸುರಜಿತ್ ಕಲಿತಾ ಅವರೊಡನೆ ಈ ಕಾರ್ಯವನ್ನು ಮುಂದುವರಿಸಿ, ಸ್ಥಿರಾಂಕಗಳನ್ನು ಬದಲಿಸದೆ ಕೇಂದ್ರದ ಸಾಂದ್ರತೆಯೊಂದನ್ನೇ ಬದಲಿಸಿದರೂ ಎರಡು ಬಗೆಯ ಮಿತಿಗಳೂ ದೊರೆಯುವುವೆಂದು ತೋರಿಸಿದರು.

ಇದು ಸಿದ್ಧವಾದ ಸತ್ಯವೆಂದು ಯಾರೂ ಭಾವಿಸಬಾರದು. ಎರಡು ಶ್ವೇತಕುಬ್ಜಗಳು ಒಂದರೊಡನೊಂದು ಬೆಸೆದು ಸಿಡಿದರೂ ಮಿತಿಗಿಂತ ಹೆಚ್ಚಿನ ದ್ರವ್ಯ ಅಲ್ಲಿರುತ್ತದೆ. ಅದಕ್ಕೆ ಹೊಸ ನಿಯಮದ ಅಗತ್ಯವಿಲ್ಲವೆಂದು ಅನೇಕರು ಹೇಳುತ್ತಾರೆ. ಮಿತಿಯನ್ನು ಮೀರಿ ನಿಂತಿರುವ ಶ್ವೇತಕುಬ್ಜವೊಂದನ್ನು ದೂರದರ್ಶಕದಲ್ಲಿ ಕಂಡವರಿಲ್ಲ. 2021ರಲ್ಲಿ ವರದಿಯಾದ ಅತಿ ಭಾರದ ಶ್ವೇತಕುಬ್ಜಗಳಲ್ಲೊಂದು ಸೂರ್ಯನ ಸುಮಾರು 1.35 ಪಟ್ಟು ತೂಗುತ್ತದೆ, ಗಾತ್ರದಲ್ಲಿ ನಮ್ಮ ಚಂದ್ರನಿಗಿಂತ ತುಸುವೇ ದೊಡ್ಡದು. ಅದು ಹಳೆಯ ಮಿತಿಯೊಳಗೇ ಇದೆ. ಆದರೂ ಪ್ರಶ್ನೆಯ ಗೌರವ ಕುಂದುವುದಿಲ್ಲ. ಮಿತಿ ಒಂದೇ ಅಲ್ಲವಾದರೆ ಆ ಮಿತಿಯನ್ನು ನೆಚ್ಚಿದ ಅಳತೆಗೋಲನ್ನು ಮತ್ತೆ ಒರೆಹಚ್ಚಬೇಕಾಗುತ್ತದೆ. ಗಜದ ಕೋಲಿನಲ್ಲಿಯೇ ಸಂಶಯ ಬಂದ ಮೇಲೆ ಅಳೆದ ಬಟ್ಟೆಯ ಲೆಕ್ಕವನ್ನು ಹಾಗೆಯೇ ಬಿಡಲಾದೀತೆ?

ಕೃಷ್ಣವಿವರದ ಘಂಟಾನಾದ

ಶ್ವೇತಕುಬ್ಜದ ಆಚೆಗಿನ ಸ್ಥಿತಿ ನ್ಯೂಟ್ರಾನ್ ನಕ್ಷತ್ರ. ಅದರ ಆಚೆಗಿನದು ಕೃಷ್ಣವಿವರ. ಅಲ್ಲಿ ದ್ರವ್ಯದ ಒತ್ತಡವು ಪೂರ್ತಿ ಸೋತು ಗುರುತ್ವವೊಂದೇ ಉಳಿಯುತ್ತದೆ. ಬೆಳಕಿಗೂ ಹೊರಬರಲು ದಾರಿಯಿಲ್ಲ. ಕಾಣದ ಅಂಥ ಕಾಯವನ್ನು ಪರೀಕ್ಷಿಸುವುದೆಂತು? ಇದಕ್ಕೆ ಉಪಾಯ ಹೇಳಿಕೊಟ್ಟವರು ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ.

ದೇವಾಲಯದ ಘಂಟೆಯನ್ನು ಬಾರಿಸಿದರೆ ಅದು ತನ್ನದೇ ಆದ ಒಂದು ಸ್ವರದಲ್ಲಿ ಮೊಳಗಿ ಕ್ರಮೇಣ ಅಡಗುತ್ತದೆ. ಆ ಸ್ವರ ಬಾರಿಸಿದವನನ್ನು ಅವಲಂಬಿಸಿಲ್ಲ. ಘಂಟೆಯ ಗಾತ್ರ, ಲೋಹ, ಆಕಾರಗಳನ್ನು ಅವಲಂಬಿಸಿದೆ. ಕೃಷ್ಣವಿವರವನ್ನು ಕಲಕಿದರೆ ಅದೂ ಹಾಗೆಯೇ ತನ್ನ ಸ್ವರದಲ್ಲಿ ಕಂಪಿಸಿ ಗುರುತ್ವತರಂಗಗಳನ್ನು ಹೊಮ್ಮಿಸಿ ಶಾಂತವಾಗುವುದೆಂದು ವಿಶ್ವೇಶ್ವರ ಅವರು 1970ರಲ್ಲಿ ಗಣಿತದಿಂದ ತೋರಿಸಿದರು. ಆ ಸ್ವರವನ್ನು ನಿರ್ಧರಿಸುವುದು ವಿವರದ ದ್ರವ್ಯರಾಶಿ, ಭ್ರಮಣ ಮತ್ತು ಗುರುತ್ವದ ನಿಯಮ. ಹಾಗಾಗಿ ಸ್ವರವನ್ನು ಆಲಿಸಿದರೆ ನಿಯಮವನ್ನು ಅರಿಯಬಹುದು. ನಿಯಮ ಬೇರೆಯಾಗಿದ್ದರೆ ಸ್ವರವೂ ಬೇರೆಯಾಗಬೇಕು. ಆಗ ಗುರುತ್ವತರಂಗವನ್ನು ಹಿಡಿದವರೇ ಇರಲಿಲ್ಲ. 45 ವರ್ಷಗಳ ಬಳಿಕ, 2015ರ ಸೆಪ್ಟೆಂಬರ್ 14ರಂದು, ಅಮೆರಿಕದ ಲೈಗೋ ಯಂತ್ರಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣವಿವರಗಳು ಬೆಸೆದ ತರಂಗವನ್ನು ದಾಖಲಿಸಿದುವು. ಅದರ ಕೊನೆಯಲ್ಲಿ ಅಡಗುತ್ತ ಹೋಗುವ ಆ ಘಂಟಾನಾದವಿತ್ತು. 2016ರ ಫೆಬ್ರವರಿಯಲ್ಲಿ ಹೊರಬಿದ್ದ ಈ ಸುದ್ದಿಯನ್ನು ವಿಶ್ವೇಶ್ವರ ಅವರು ಕೇಳಿದರು. 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶವನ್ನು ಪರಿಚಯಿಸಿದ ಹಿರಿಮೆಯೂ ಅವರದು.

ಈ ತರಂಗಗಳು ಪರಿಷ್ಕೃತ ಸಿದ್ಧಾಂತಗಳಿಗೆ ಕಠಿನ ಪರೀಕ್ಷೆಯನ್ನೊಡ್ಡಿವೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಬೆಸುಗೆಯಿಂದ ಹೊರಟ ಗುರುತ್ವತರಂಗವೂ ಗಾಮಾ ಕಿರಣವೂ ಸುಮಾರು 13 ಕೋಟಿ ವರ್ಷ ಪಯಣಿಸಿ 1.7 ಸೆಕೆಂಡುಗಳ ಅಂತರದಲ್ಲಿ ಭೂಮಿಯನ್ನು ಮುಟ್ಟಿದುವು. ಗುರುತ್ವತರಂಗದ ವೇಗ ಬೆಳಕಿನ ವೇಗಕ್ಕಿಂತ ಬೇರೆಯೆಂದು ಸಾರಿದ ಹಲವು ಸಿದ್ಧಾಂತಗಳು ಆ ಒಂದು ದಿನದ ಸಾಕ್ಷ್ಯದಿಂದ ಬಿದ್ದುಹೋದುವು. 2025ರ ಜನವರಿ 14ರಂದು ದಾಖಲಾದ ಇನ್ನೂ ಸ್ಪಷ್ಟವಾದ ತರಂಗದಲ್ಲಿ ಕೃಷ್ಣವಿವರದ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಗುರುತಿಸಲಾಯಿತು. ಅವು ಐನ್‌ಸ್ಟೈನನ ನಿಯಮಕ್ಕೇ ಹೊಂದಿಕೊಂಡುವು. ಇಂಥ ಯಂತ್ರವೊಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರಲ್ಲಿ ಅನುಮೋದನೆ ನೀಡಿತು. ಇಂದಿನ ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಕೆಲವರಾದರೂ ಅಲ್ಲಿ ದುಡಿಯುವಂತಾಗಲೆಂದು ಹಾರೈಸುವುದು ಅತಿಯಾಸೆಯಲ್ಲ.

ಶಾಲೆಗೆ ಇದರಿಂದೇನು?

ಪ್ರೌಢಶಾಲೆಯ ಪಠ್ಯದಲ್ಲಿ ಗುರುತ್ವದ ಪಾಠ ನ್ಯೂಟನ್ನನ ಸೂತ್ರದೊಂದಿಗೆ ಮುಗಿಯುತ್ತದೆ. ಅದು ಮುಗಿದ ಕಥೆಯೆಂಬ ಭಾವನೆ ಮಕ್ಕಳಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಅಧ್ಯಾಪಕರ ಕೈಯಲ್ಲಿದೆ. ತ್ರಿಜ್ಯ ಅರ್ಧವಾದಾಗ 16 ಮತ್ತು 32 ಬರುವ ಲೆಕ್ಕವನ್ನು ಹತ್ತನೆಯ ತರಗತಿಯ ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ತೋರಿಸಬಹುದು. ಲುಬ್ಧಕವನ್ನು ತೋರಿಸಲು ಯಾವ ಉಪಕರಣವೂ ಬೇಡ. ಶಕ್ತಿನಗರದಿಂದ ಕೆಲವೇ ಕಿಲೋಮೀಟರು ದೂರದ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಕರಾವಳಿಯ ಮಳೆಗಾಲದಲ್ಲಿ ಆಕಾಶ ಮುಚ್ಚಿದ್ದರೂ ಅಲ್ಲಿಯ ಗುಮ್ಮಟದಡಿಯಲ್ಲಿ ನಕ್ಷತ್ರಗಳನ್ನು ಕಾಣಬಹುದು. ವಿದ್ಯಾದಾನಕ್ಕೆ ನೆರವಾಗುವ ಮಹನೀಯರು ಗ್ರಂಥಾಲಯಕ್ಕೆ ಖಗೋಳದ ಕೆಲವು ಕನ್ನಡ ಪುಸ್ತಕಗಳನ್ನೂ ಶಾಲೆಗೊಂದು ಸಣ್ಣ ದೂರದರ್ಶಕವನ್ನೂ ಒದಗಿಸಿದರೆ ಅದರ ಫಲ ತಲೆಮಾರುಗಳವರೆಗೆ ಉಳಿಯುತ್ತದೆ.

ಶರಣಪರಂಪರೆಯಲ್ಲಿ ನುಡಿಗೆ ತಕ್ಕ ನಡೆಯಿಲ್ಲದಿದ್ದರೆ ಆ ನುಡಿಗೆ ಬೆಲೆಯಿಲ್ಲ. ಹಿರಿಯರು ಆಡಿದರೆಂದು ಒಪ್ಪುವುದಾಗಲಿ ಕಿರಿಯರು ಆಡಿದರೆಂದು ತಳ್ಳುವುದಾಗಲಿ ಅನುಭವಮಂಟಪದ ಮರ್ಯಾದೆಯಾಗಿರಲಿಲ್ಲ. ವಿಜ್ಞಾನದ ಮರ್ಯಾದೆಯೂ ಅದೇ. ಸಿದ್ಧಾಂತವೆಂಬುದು ನುಡಿ, ಆಕಾಶದಲ್ಲಿ ಕಾಣುವುದು ನಡೆ. ಎಡಿಂಗ್‌ಟನ್ನನ ಹಿರಿತನ ಚಂದ್ರಶೇಖರರ ಲೆಕ್ಕವನ್ನು ಸುಳ್ಳಾಗಿಸಲಿಲ್ಲ. ಹಾಗೆಯೇ ಐನ್‌ಸ್ಟೈನನ ಹಿರಿತನವೊಂದರಿಂದಲೇ ಅವನ ನಿಯಮ ಉಳಿಯುವುದಿಲ್ಲ. ಹೊಸದೆಂಬ ಮಾತ್ರಕ್ಕೆ ಪರಿಷ್ಕೃತ ನಿಯಮ ಗೆಲ್ಲುವುದೂ ಇಲ್ಲ. ತನ್ನ ಭಾರವನ್ನು ತಾನೇ ಹೊತ್ತು ನಿಂತ ಆ ಕಾಯಗಳೇ ಇದರ ತೀರ್ಪನ್ನು ಹೇಳಬೇಕು. ಆ ತೀರ್ಪನ್ನು ಓದಬಲ್ಲ ಕಣ್ಣುಗಳನ್ನು ತೆರೆಸುವುದು ಶಾಲೆಯ ಕಾಯಕ.